ಟೇಬಲ್ಲು ಒಂದೇ, ಕೂರುವವರು ಇಬ್ಬರು

ನಾನು 5 ಅಡಿ. ನನ್ನ ಗಂಡ 5 ಅಡಿ 11 ಇಂಚು. ಮನೆಯಲ್ಲಿರುವುದು ಒಂದೇ ಟೇಬಲ್ಲು, ಒಂದೇ ಕುರ್ಚಿ. ಬೆಳಿಗ್ಗೆ ಕಂಪ್ಯೂಟರ್ ಕೆಲಸಕ್ಕೆ ಅವರು ಕೂರುತ್ತಾರೆ, ಊಟ ಆದಮೇಲೆ ನಾನು. ಎರಡೇ ತಿಂಗಳಲ್ಲಿ ನನಗೆ ಭುಜ ಹಿಡಿದುಕೊಂಡಿತು, ಅವರಿಗೆ ಕತ್ತು. ಒಳ್ಳೇ ಕುರ್ಚಿ ತಗೊಳ್ಳಿ ಎಲ್ಲ ಸರಿಹೋಗುತ್ತೆ ಅಂತ ಅಂಗಡಿಯವರು ಹೇಳಿದರು. ಕೈತುಂಬ ದುಡ್ಡು ಸುರಿದು ತಂದೆವು. ಏನೂ ಸರಿಹೋಗಲಿಲ್ಲ. ನಮ್ಮ ಮೈ ಅಳತೆಯನ್ನೇ ಯಾರೂ ತೆಗೆದಿರಲಿಲ್ಲವಲ್ಲ!

ಹಾಗಾಗಿ ಮೊದಲು ಬಟ್ಟೆ ಹೊಲಿಯುವವರ ಟೇಪು ಹುಡುಕಿ. ಅಂಗಾಲು ಪೂರ್ತಿ ನೆಲಕ್ಕೆ ತಾಗುವ ಹಾಗೆ, ತೊಡೆ ಮಟ್ಟಸವಾಗಿ ಇರುವ ಹಾಗೆ ಕೂತುಕೊಳ್ಳಿ. ಕುರ್ಚಿ ಎತ್ತರವಾದರೆ ಗಿಡ್ಡ ಸ್ಟೂಲಿನ ಮೇಲೆ ಕೂತರೂ ಸರಿ. ಭುಜ ಸಡಿಲ ಬಿಟ್ಟು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟಿದೆ ಅಂತ ಇನ್ನೊಬ್ಬರ ಕೈಲಿ ಅಳೆಸಿ, ನೀವೇ ಬಗ್ಗಿ ಅಳೆದರೆ ಲೆಕ್ಕ ತಪ್ಪುತ್ತೆ. ನನ್ನದು 23½ ಇಂಚು ಬಂತು, ಅವರದು 27. ಟೇಬಲ್ಲು 29. ಅಂಗಡಿಯ ಟೇಬಲ್ಲುಗಳೆಲ್ಲ ಹೆಚ್ಚುಕಮ್ಮಿ 29–30 ಇಂಚೇ ಇರುತ್ತವೆ. ಆರಡಿ ಹತ್ತಿರದ ಮನುಷ್ಯನಿಗೇ ಅದು ಎತ್ತರ ಅಂದಮೇಲೆ ನನ್ನ ಪಾಡು ಕೇಳಬೇಡಿ, ದಿನವಿಡೀ ಭುಜ ಎತ್ತಿಕೊಂಡೇ ಟೈಪ್ ಮಾಡುತ್ತಿದ್ದೆ.

ಟೇಬಲ್ಲಿನ ಕಾಲು ಕುಯ್ಯಲು ಮನಸ್ಸಿಲ್ಲದಿದ್ದರೆ ಉಳಿದಿರುವ ದಾರಿ ಒಂದೇ. ಮೊಣಕೈ ಟೇಬಲ್ಲಿನ ಮಟ್ಟಕ್ಕೆ ಬರುವವರೆಗೆ ಕುರ್ಚಿ ಏರಿಸಿ. ಆಗ ಕಾಲು ನೇತಾಡುತ್ತೆ. ಅಯ್ಯೋ ಅಂತ ಮತ್ತೆ ಇಳಿಸಬೇಡಿ, ಎಲ್ಲರೂ ಎಡವುವುದು ಇಲ್ಲೇ. ನೇತಾಡುವ ಕಾಲಿಗೆ ಸೀಟಿನ ಅಂಚು ಒತ್ತಿ ಜೋಮು ಹಿಡಿಯುತ್ತೆ, ಅದಕ್ಕೆ ಕಾಲುಮಣೆ ಬೇಕು. ಎಷ್ಟು ಎತ್ತರದ್ದು? ಟೇಬಲ್ಲಿನ ಎತ್ತರದಲ್ಲಿ ಮೊಣಕೈ ಅಳತೆ ಕಳೆಯಿರಿ, ಅಷ್ಟೇ. ನಮ್ಮವರಿಗೆ 2 ಇಂಚು ಸಾಕು, ಮನೆಯ ಊಟದ ಮಣೆ ಸರಿಯಾಗಿ ಕೂತಿತು (ಅತ್ತೆ ಮುಖ ಸಿಂಡರಿಸಿದರು, ಊಟದ ಮಣೆ ತುಳಿಯೋದಾ ಅಂತ. ಆಮೇಲೆ ಬೇರೆ ಹಲಗೆ ತಂದೆವು). ನನಗೆ ಐದೂವರೆ ಇಂಚಿನದ್ದನ್ನು ಬಡಗಿ ಹತ್ತಿರ ಮಾಡಿಸಿದೆ. ಎರಡೂ ಪಾದ ಆರಾಮಾಗಿ ಆಚೀಚೆ ಆಡುವಷ್ಟು ಅಗಲ ಇರಲಿ.

ಗಿಡ್ಡ ಇರುವವರಿಗೆ ಇನ್ನೊಂದು ತೊಂದರೆ ಇದೆ, ಸೀಟಿನ ಆಳ. ಬೆನ್ನು ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ತೂರಬೇಕು. ನನಗೆ ಒಂದೂ ತೂರುತ್ತಿರಲಿಲ್ಲ. ಅದಕ್ಕೇ ನನಗೇ ಗೊತ್ತಿಲ್ಲದೆ ಮುಂದೆ ಜರುಗಿ, ಬೆನ್ನಿಗೆ ಏನೂ ಆಸರೆ ಇಲ್ಲದೆ ಕೂರುತ್ತಿದ್ದೆ. ಹಳೇ ಕಂಬಳಿಯನ್ನು ಬಿಗಿಯಾಗಿ ಮಡಚಿ ಬೆನ್ನ ಹಿಂದೆ ಇಟ್ಟೆ. ದಿಂಬು ಬೇಡ, ಕುಸಿದುಹೋಗುತ್ತೆ.

ಎತ್ತರ ಒಂದೇ ಇದ್ದವರಿಗೆ ಅಳತೆಯೂ ಒಂದೇ ಅಂದುಕೊಳ್ಳಬೇಡಿ. ನನ್ನ ತಂಗಿಯೂ 5 ಅಡಿಯೇ, ಆದರೆ ಕೂತರೆ ನನಗಿಂತ ಎತ್ತರ ಕಾಣುತ್ತಾಳೆ. ಅವಳಿಗೆ ಕಾಲು ಗಿಡ್ಡ, ಮೈ ಉದ್ದ. 1950ರಲ್ಲಿ ಅಮೆರಿಕದ ವಾಯುಪಡೆಯವರು 4,063 ಪೈಲಟ್‌ಗಳ ಮೈ ಅಳತೆ ತೆಗೆದಾಗ, ಗಿಲ್ಬರ್ಟ್ ಡೇನಿಯಲ್ಸ್ ಅನ್ನುವವರು ಮುಖ್ಯವಾದ 10 ಅಳತೆಗಳನ್ನು ಹಿಡಿದು, ಹತ್ತರಲ್ಲೂ ಸರಾಸರಿಗೆ ಹತ್ತಿರ ಇರುವವರು ಎಷ್ಟು ಜನ ಅಂತ ಹುಡುಕಿದರು. ಒಬ್ಬನೂ ಸಿಗಲಿಲ್ಲ! ಅಂಗಡಿಯ 'ಎಲ್ಲರಿಗೂ ಆಗುವ' ಕುರ್ಚಿ ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತೆ.

ಕೈ ಕಾಲು ಸರಿಯಾದ ಮೇಲೆ ಕಣ್ಣಿನ ಸರದಿ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಲಿ. ಒರಗಿ ಕೂತು ಕೈ ಚಾಚಿದರೆ ಬೆರಳ ತುದಿ ಸ್ಕ್ರೀನಿಗೆ ತಾಗುವಷ್ಟು ದೂರ. ಲ್ಯಾಪ್‌ಟಾಪ್ ಆದರೆ ಬೇರೆ ಕೀಬೋರ್ಡ್ ತಗೊಳ್ಳಲೇಬೇಕು, ಬೇರೆ ದಾರಿಯೇ ಇಲ್ಲ. ಕಣ್ಣಿಗೆ ಸರಿ ಮಾಡಿದರೆ ಕೈಗೆ ಎತ್ತರ, ಕೈಗೆ ಸರಿ ಮಾಡಿದರೆ ಕತ್ತು ಬಗ್ಗುತ್ತೆ. ಮಾವ ಎರಡು ಪವರಿನ ಕನ್ನಡಕದವರು, ಲೆಕ್ಕ ಬರೆಯಲು ಕೂತಾಗ ಕನ್ನಡಕದ ಕೆಳಭಾಗದಿಂದ ನೋಡಲು ಗದ್ದ ಮೇಲೆತ್ತುತ್ತಾರೆ. ಅಂಥವರಿಗೆ ಸ್ಕ್ರೀನು ಇನ್ನೂ ಕೆಳಗೆ ಬೇಕು.

ಕೀಬೋರ್ಡಿನ ವಿಷಯದಲ್ಲಿ ಒಂದು ಸಣ್ಣ ಮೋಸ ಇದೆ. ಬಲಗಡೆ ನಂಬರ್ ಕೀಗಳಿರುವ ಉದ್ದದ ಕೀಬೋರ್ಡನ್ನು ನಡುವೆ ಇಟ್ಟರೆ ಅಕ್ಷರಗಳೆಲ್ಲ ಎಡಕ್ಕೆ ಹೋಗಿರುತ್ತವೆ. ಹೊಕ್ಕಳಿನ ನೇರಕ್ಕೆ ಜಿ ಮತ್ತು ಎಚ್ ಕೀ ಬರಬೇಕು. ಆಗ ಮೌಸು ಇನ್ನೂ ಬಲಕ್ಕೆ ತಳ್ಳಿಕೊಂಡು ಹೋಗುತ್ತೆ, ಭುಜ ಕಿರಿದಾಗಿರುವವರಿಗೆ ಅದೇ ನೋವು. ನಂಬರ್ ಕೀ ಬಳಸದಿದ್ದರೆ ಅದಿಲ್ಲದ ಚಿಕ್ಕ ಕೀಬೋರ್ಡ್ ಸಾಕು. ಎಡಗೈಯವರು ಮೌಸನ್ನು ಸುಮ್ನೆ ಎಡಕ್ಕೆ ಇಟ್ಟುಕೊಳ್ಳಬಹುದು, ಬಲಗೈಗೆಂದೇ ಬಾಗಿಸಿ ಮಾಡಿದ ಮೌಸು ಮಾತ್ರ ಬೇಡ.

ಇಬ್ಬರೂ ಒಂದೇ ಜಾಗದಲ್ಲಿ ಕೂರುವುದಾದರೆ ದಿನಾ ಟೇಪು ಹಿಡಿಯಲು ಆಗುತ್ತಾ? ಟೇಬಲ್ಲಿನ ಪಕ್ಕದ ಗೋಡೆಗೆ ಎರಡು ಬಣ್ಣದ ಟೇಪ್ ತುಂಡು ಅಂಟಿಸಿದ್ದೇವೆ, ಕೆಂಪು ಅವರ ಸೀಟಿನ ಮಟ್ಟ, ನೀಲಿ ನನ್ನದು. ಸ್ಕ್ರೀನಿನ ಕೆಳಗೆ ಅವರಿಗೆ 2 ಇಂಚು ದಪ್ಪದ ಒಂದು ಪುಸ್ತಕ ಜಾಸ್ತಿ. ನಾನು ಕೂರುವಾಗ ಅದನ್ನು ತೆಗೆದು ಪಕ್ಕಕ್ಕಿಟ್ಟು, ಕಾಲುಮಣೆ ಎಳೆದುಕೊಂಡರೆ ಮುಗಿಯಿತು, ಅರ್ಧ ನಿಮಿಷದ ಕೆಲಸ.