ಎರಡು ಸಣ್ಣ ಮುದ್ದೆ, ಐದು ಹುಣಸೆ ಬೀಜ

ನನ್ನ ಮಗನಿಗೆ ಈಗ 16. ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿದ್ದು ಬೆಳವಣಿಗೆ, ಕಲಿಕೆ ನಿಧಾನವಾಗುವ ಸ್ಥಿತಿ. ಹಾಸನದಲ್ಲಿ ನಮ್ಮಂಥ ತಾಯಂದಿರು ಸಿಕ್ಕಾಗ ಕೇಳುವುದು ಒಂದೇ ಮಾತು: "ತೂಕ ಏರ್ತಾನೇ ಇದೆ, ಏನ್ ಮಾಡ್ಲಿ ಅಕ್ಕಾ?"

ಮೊದಲು ಥೈರಾಯ್ಡ್ ನೋಡಿಸಿ. ಈ ಮಕ್ಕಳಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾಗುವ ಸಾಧ್ಯತೆ ಜಾಸ್ತಿ. ಸುಸ್ತು, ಮಲಬದ್ಧತೆ, ತೂಕ ಎಲ್ಲ ಅದರಿಂದಲೂ ಬರಬಹುದು. "ಇವರು ಇರೋದೇ ಹೀಗೆ" ಅಂತ ಸುಮ್ಮನಾಗಬೇಡಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಆಟಕ್ಕೆ ಕಳಿಸುವ ಮುಂಚೆ ಹೃದಯ, ಕತ್ತು ಎರಡರ ಬಗ್ಗೆಯೂ ಡಾಕ್ಟರನ್ನು ಕೇಳಿ. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಕತ್ತಿನ ಮೇಲಿನ ಎರಡು ಮೂಳೆಗಳ ಹಿಡಿತ ಕೆಲವರಲ್ಲಿ ಸಡಿಲ. ಒಮ್ಮೆ ಶಾಲೆಯಲ್ಲಿ ಇವನಿಂದ ಲಾಗ ಹಾಕಿಸಿದ್ದರು. ಏನೂ ಆಗಲಿಲ್ಲ, ಆದರೆ ಕೇಳಿದಾಗ ನನ್ನ ಕೈಕಾಲು ನಡುಗಿತ್ತು. ಲಾಗ, ತಲೆ ಕೆಳಗಾಗಿ ನೀರಿಗೆ ಹಾರುವುದು ಬೇಡವೇ ಬೇಡ. ಕತ್ತು ನೋವು, ನಡಿಗೆ ಬದಲಾಗುವುದು, ಕೈಯಲ್ಲಿ ಬಲ ಕುಗ್ಗುವುದು, ಬಟ್ಟೆಯಲ್ಲೇ ಮೂತ್ರ ಹೋಗುವುದು ಕಂಡರೆ ಆಟ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಊಟ. ಇವನು ಅಕ್ಕನಿಗಿಂತ ಗಿಡ್ಡ, ಸ್ನಾಯು ಸಡಿಲ. ಅವಳಷ್ಟೇ ಉಂಡರೆ ಇವನಿಗೆ ಜಾಸ್ತಿಯಾಗುತ್ತದೆ. ಆದರೆ ತಟ್ಟೆಯಲ್ಲಿ ಎರಡು ಮುದ್ದೆ ಇರಲೇಬೇಕು, ಒಂದು ಕಂಡರೆ ಮುನಿಸು. ಅದಕ್ಕೇ ಎರಡೇ ಕಟ್ಟುತ್ತೇನೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಜೊತೆಗೆ ಬಸ್ಸಾರು. ಬಸಿದ ಸೊಪ್ಪು, ಕಾಳಿನ ಪಲ್ಯ ಮೊದಲು ಬಡಿಸುತ್ತೇನೆ, ಅರ್ಧ ತಟ್ಟೆ ತುಂಬ. ಅವನು ಗಬಗಬ ತಿನ್ನುತ್ತಿದ್ದ. ಈಗ ಪ್ರತಿ ತುತ್ತು ನುಂಗಿದ ಮೇಲೆ ಕೈಯನ್ನು ತೊಡೆ ಮೇಲಿಟ್ಟು, ಆಮೇಲೆ ಮುಂದಿನ ತುತ್ತು. ಕಲಿಯಲು ಎರಡು ತಿಂಗಳು ಬೇಕಾಯಿತು.

ನೆಂಟರು ಮಾತ್ರ "ಪಾಪ, ಮಗು" ಅಂತ ಬೇಕರಿ ಪೊಟ್ಟಣ ಹಿಡಿದೇ ಬರುತ್ತಾರೆ. ಬಾಳೆಹಣ್ಣು ತನ್ನಿ ಅಂತ ಬಾಯಿಬಿಟ್ಟು ಹೇಳಿ. ಬೇಜಾರಾದರೆ ಆಗಲಿ.

ನಡಿಗೆಗೆ ನಮಗೆ ಮಹಾರಾಜ ಪಾರ್ಕ್. ಇವರ ಪಾದ ಚಪ್ಪಟೆ ಇರುವುದು ಜಾಸ್ತಿ, ಹಿಮ್ಮಡಿ ಹಿಡಿಯುವ ಶೂ ಹಾಕಿ. ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. "ಅರ್ಧ ಗಂಟೆ" ಅಂದರೆ ಅವನಿಗೆ ತಿಳಿಯದು. ಹಾಗಾಗಿ ಜೇಬಿಗೆ ಹುಣಸೆ ಬೀಜ ಹಾಕುತ್ತೇನೆ. ಒಂದು ಸುತ್ತಾದರೆ ಒಂದು ಬೀಜ ನನ್ನ ಕೈಗೆ. ಜೇಬು ಖಾಲಿಯಾದರೆ ಮನೆಗೆ. ಎರಡರಿಂದ ಶುರು ಮಾಡಿ ಐದಕ್ಕೆ ಬಂದೆವು. ಮೊನ್ನೆ ಹೊರಡುವಾಗ ಆರನೆಯದನ್ನು ಡಬ್ಬಿಯಿಂದ ಅವನೇ ತೆಗೆದು ಜೇಬಿಗೆ ಹಾಕಿಕೊಂಡ.