ಪುಟ್ಟ ಕಾಳಗದ ರೋಬೋಟ್‌ಗೆ ಗೇರ್‌ಬಾಕ್ಸ್ ಆರಿಸಿದ ಬಗೆ

ಕಾರವಾರದಲ್ಲಿದ್ದುಕೊಂಡು ರೋಬೋಟ್ ಕಟ್ಟುವವರು ಬಿಡಿಭಾಗಗಳನ್ನು ಹೆಚ್ಚಾಗಿ ಕೊರಿಯರ್‌ನಲ್ಲಿಯೇ ತರಿಸಬೇಕಾಗುತ್ತದೆ. ಆದ್ದರಿಂದ 1.5 ಕಿಲೋ ತೂಕದ ನನ್ನ ಕಾಳಗದ ರೋಬೋಟ್‌ಗೆ ಮೋಟಾರಿನ ವೇಗ ತಗ್ಗಿಸಿ ತಿರುಗಿಸುವ ಬಲ ಹೆಚ್ಚಿಸುವ ಗೇರ್‌ಬಾಕ್ಸ್ ತರಿಸುವ ಮೊದಲು ನಾನು ಲೆಕ್ಕವನ್ನು ಕಾಗದದ ಮೇಲೆ ಪೂರ್ತಿ ಮಾಡಿಕೊಂಡೆ.

ಚಕ್ರಕ್ಕೆ ಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಎಷ್ಟೆಂಬುದನ್ನು ನೆಲದ ಹಿಡಿತವೇ ತೀರ್ಮಾನಿಸುತ್ತದೆ. ಇಡೀ ಭಾರ ಎರಡು ಚಕ್ರಗಳ ಮೇಲಿದ್ದು, ಘರ್ಷಣೆಯ ಗುಣಾಂಕ 1 ಎಂದು ಹಿಡಿದರೂ, ಒಟ್ಟು ತಳ್ಳುಬಲ 14.7 ನ್ಯೂಟನ್; 50 ಮಿಲಿಮೀಟರ್ ವ್ಯಾಸದ ಚಕ್ರವಾದರೆ ಒಂದೊಂದಕ್ಕೆ ಸುಮಾರು 1.9 ಕೆಜಿ-ಸೆಂಮೀ ಟಾರ್ಕ್ ಸಾಕು. ಅದನ್ನು ಮೀರಿದರೆ ಚಕ್ರ ಜಾರಿ ತಿರುಗುತ್ತದೆಯೇ ಹೊರತು ಎದುರಾಳಿಯನ್ನು ಹೆಚ್ಚು ತಳ್ಳುವುದಿಲ್ಲ. ಮೋಟಾರ್ ನಿಂತು ಸುಟ್ಟುಹೋಗದಂತೆ ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡು, ಉಳಿದದ್ದನ್ನು ನಾನು ವೇಗಕ್ಕೆ ಬಿಟ್ಟೆ. 11.1 ವೋಲ್ಟ್ ಬ್ಯಾಟರಿಯಲ್ಲಿ ನಿಮಿಷಕ್ಕೆ 15,000 ಸುತ್ತು ತಿರುಗುವ ಮೋಟಾರ್‌ಗೆ 16:1 ಅನುಪಾತ (ಮೋಟಾರ್ 16 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು) ಕೊಟ್ಟರೆ, ಭಾರವಿಲ್ಲದಾಗ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್ ವೇಗ ಬರುತ್ತದೆ. ಸಣ್ಣ ಅಖಾಡಕ್ಕೆ ಅಷ್ಟು ಧಾರಾಳ.

ಆದರೆ ಗೇರ್‌ಬಾಕ್ಸ್ ಮುರಿಯುವುದು ತಳ್ಳುವಾಗಲ್ಲ, ಬೀಳುವಾಗ. ಎದುರಾಳಿಯ ತಿರುಗುವ ಆಯುಧ ರೋಬೋಟನ್ನು ಮೇಲಕ್ಕೆ ಎಸೆದು, ಅದು ಒಂದೇ ಚಕ್ರದ ಮೇಲೆ ಬಿದ್ದ ಕ್ಷಣದಲ್ಲಿ, ಆ ಹೊಡೆತ ಚಕ್ರದಿಂದ ಶಾಫ್ಟಿಗೂ ಅಲ್ಲಿಂದ ಗೇರಿನ ಹಲ್ಲುಗಳಿಗೂ ನೇರವಾಗಿ ಹೋಗುತ್ತದೆ. ಮೇಲಿನ ಲೆಕ್ಕದ 1.9 ಎಂಬ ಅಂಕಿ ಇದರ ಮುಂದೆ ಏನೂ ಅಲ್ಲ. ನೇರ ಹಲ್ಲಿನ ಸ್ಪರ್ ಗೇರುಗಳಲ್ಲಿ ಒಂದು ಅಥವಾ ಎರಡು ಜೊತೆ ಹಲ್ಲುಗಳೇ ಒಂದು ಹೊತ್ತಿಗೆ ಭಾರ ಹೊರುತ್ತವೆ. 12 ಮಿಮೀ ಅಗಲ, 10 ಮಿಮೀ ಎತ್ತರದ ಎನ್20 ಎಂಬ ಸ್ಪರ್ ಗೇರಿನ ಮೋಟಾರ್ 150 ಗ್ರಾಂ ರೋಬೋಟ್‌ಗಳ ವರ್ಗಕ್ಕೆ ನಿಜಕ್ಕೂ ಉತ್ತಮವಾದುದು, 1.5 ಕಿಲೋ ರೋಬೋಟ್‌ನಲ್ಲಿ ಅದರ 3 ಮಿಮೀ ಶಾಫ್ಟನ್ನೂ ಹಿತ್ತಾಳೆಯ ಗೇರುಗಳನ್ನೂ ನಾನು ನಂಬಲಾರೆ. ಪ್ಲಾನೆಟರಿ ಎಂಬ ಬಗೆಯ ಗೇರ್‌ಬಾಕ್ಸಿನಲ್ಲಿ ನಡುವಿನ ಸನ್ ಗೇರಿನ ಸುತ್ತ ಸಾಮಾನ್ಯವಾಗಿ ಮೂರು ಗೇರುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಸನ್ ಗೇರಿಗೆ 12 ಹಲ್ಲು, ಹೊರಗಿನ ರಿಂಗಿಗೆ 36 ಹಲ್ಲು ಇದ್ದರೆ ಒಂದು ಹಂತಕ್ಕೆ 4:1. ಅಂಥ ಎರಡು ಹಂತಗಳಾದರೆ ನನಗೆ ಬೇಕಾದ 16:1. ಹೀಗಾಗಿ 22 ಮಿಮೀ ವ್ಯಾಸದ, ಉಕ್ಕಿನ ಗೇರುಗಳ ಪ್ಲಾನೆಟರಿಯನ್ನೇ ಆರಿಸಿದೆ. ತಿರುಪಿನಾಕಾರದ ವರ್ಮ್ ಗೇರನ್ನು ನಾನು ಪರಿಗಣಿಸಲೇ ಇಲ್ಲ, ಏಕೆಂದರೆ ಅದರಲ್ಲಿ ಘರ್ಷಣೆಗೆ ಹೋಗುವ ಶಕ್ತಿಯೇ ವಿಪರೀತ.

ಆಯ್ಕೆಯಷ್ಟೇ ಮುಖ್ಯವಾದುದು ಕೂರಿಸುವ ಕ್ರಮ. ಚಕ್ರ ಗೇರ್‌ಬಾಕ್ಸಿನ ಮುಖಕ್ಕೆ ಹತ್ತಿರವಾದಷ್ಟೂ ಶಾಫ್ಟ್ ಬಾಗುವ ಸಂಭವ ಕಡಿಮೆ. ಅದಕ್ಕೆಂದೇ ಚಕ್ರವನ್ನು ಶಾಫ್ಟಿಗೆ ಜೋಡಿಸುವ ಗಿಡ್ಡ ಹಬ್ ಒಂದನ್ನು ಶಿರಸಿಯ ಲೇತ್ ಕೆಲಸದವರೊಬ್ಬರಿಂದ ಅಳತೆ ಕೊಟ್ಟು ಮಾಡಿಸಿದೆ. ಚಕ್ರ ಫೋಮಿನದಾದ್ದರಿಂದ ಹೊಡೆತದ ಒಂದು ಪಾಲು ಅಲ್ಲಿಯೇ ಇಂಗುತ್ತದೆ. ಮೋಟಾರಿನ ಹಿಂಬದಿಗೂ ಆಧಾರ ಕೊಡಬೇಕು, ಇಲ್ಲವಾದರೆ ಪ್ರತಿ ಹೊಡೆತಕ್ಕೂ ಅದರ ಭಾರವೆಲ್ಲ ಮುಂದಿನ ಸ್ಕ್ರೂಗಳನ್ನು ಎಳೆಯುತ್ತದೆ. ಆ ಸ್ಕ್ರೂಗಳ ಉದ್ದವನ್ನು ಅಳೆದೇ ಹಾಕಬೇಕು. ಉದ್ದ ಹೆಚ್ಚಾದರೆ ತುದಿ ಒಳಗಿನ ಗೇರಿಗೆ ತಾಗುತ್ತದೆ.

ಕರಾವಳಿಯ ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ, ಗೇರ್‌ಬಾಕ್ಸ್ ಬಿಚ್ಚಿದಾಗಲೆಲ್ಲ ಹಳೆಯ ಗ್ರೀಸ್ ಒರೆಸಿ, ಹಲ್ಲುಗಳಿಗೆ ಲಿಥಿಯಂ ಗ್ರೀಸನ್ನು ತೆಳ್ಳಗೆ ಹಚ್ಚುತ್ತೇನೆ. ಒರೆಸಿದ ಗ್ರೀಸಿನಲ್ಲಿ ಲೋಹದ ಚೂರು ಕಂಡರೆ ಆ ಹಂತದ ಗೇರುಗಳನ್ನು ಮುಂದಿನ ಪಂದ್ಯಕ್ಕೆ ಮೊದಲೇ ಬದಲಿಸುತ್ತೇನೆ.