ಮನೆಯಲ್ಲೇ ಗಟ್ಟಿ ಗ್ರೇವಿಯ ಮಟರ್ ಪನೀರ್

ಮಟರ್ ಪನೀರ್ ಪಂಜಾಬಿ ಮನೆಗಳ ಅಡುಗೆ, ಆದರೆ ನಮ್ಮ ಚಪಾತಿಗೂ ಚೆನ್ನಾಗಿ ಒಗ್ಗುತ್ತದೆ. ನಾಲ್ಕು ಜನಕ್ಕೆ 200 ಗ್ರಾಂ ಪನೀರ್, ಒಂದು ಕಪ್ ಹಸಿ ಬಟಾಣಿ, 2 ಈರುಳ್ಳಿ, 3 ಹಣ್ಣು ಟೊಮೆಟೊ, 10 ಗೋಡಂಬಿ ಸಾಕು.

ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ. ಟೊಮೆಟೊ, ಗೋಡಂಬಿ ಹಾಕಿ ಮೆತ್ತಗಾದ ಮೇಲೆ ಪೂರ್ತಿ ಆರಿಸಿ ನುಣ್ಣಗೆ ರುಬ್ಬಿ. ಬಾಣಲೆಯಲ್ಲಿ ಬೆಣ್ಣೆ, ಜೀರಿಗೆ, ಉರಿ ಸಣ್ಣ ಮಾಡಿ ಖಾರದ ಪುಡಿ, ಧನಿಯಾ ಪುಡಿ, ಅರಿಶಿನ, ಆಮೇಲೆ ರುಬ್ಬಿದ್ದು. ಇಲ್ಲಿ ಆತುರ ಬೇಡವೇ ಬೇಡ. ಅಂಚಿನಲ್ಲಿ ಜಿಡ್ಡು ಬಿಟ್ಟುಕೊಂಡು, ಸೌಟು ಎಳೆದರೆ ಬಾಣಲೆಯ ತಳ ಒಂದು ಕ್ಷಣ ಕಾಣುವ ತನಕ ಹುರಿಯಲೇಬೇಕು, ಇಲ್ಲದಿದ್ದರೆ ಎಷ್ಟು ಕೆನೆ ಸುರಿದರೂ ಹಸಿ ವಾಸನೆ ಹೋಗುವುದಿಲ್ಲ.

ಬಿಸಿನೀರು, ಉಪ್ಪು, ಬಟಾಣಿ ಹಾಕಿ ಬೇಯಿಸಿ. ಪನೀರನ್ನು ಸುಮ್ನೆ ಎಣ್ಣೆಯಲ್ಲಿ ಕರಿಯಬೇಡಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿದರೆ ರಬ್ಬರ್ ಥರ ಆಗದೆ, ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಮೆತ್ತಗಿರುತ್ತದೆ. ಎರಡೇ ನಿಮಿಷ ಕುದಿಸಿ. ಒಲೆ ಆರಿಸಿದ ಮೇಲೆ 2 ಚಮಚ ಕಡೆದ ಹಾಲಿನ ಕೆನೆ, ಅಂಗೈಯಲ್ಲಿ ತಿಕ್ಕಿದ ಕಸೂರಿ ಮೇಥಿ, ಚಿಟಿಕೆ ಗರಂ ಮಸಾಲೆ. ಐದು ನಿಮಿಷ ಮುಚ್ಚಿಟ್ಟು ಬಡಿಸಿ.